ತಡವಾಗಿ ಬಂದ ನಗು

ಹೊಲಿಗೆ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಹೆಂಡತಿ ಮರೆಯಾದಳು. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಎದುರು ಬದಿಯಲ್ಲಿ ನಿಂತಿದ್ದ ಹಾಸ್ಯಗಾರ ಗಡಿಯಾರ ನೋಡಿಕೊಂಡ. ಮಧ್ಯಾಹ್ನ ಮೂರು. ಅಕ್ಕನ ಮನೆಗೆಂದು ಹೇಳಿ ಹೊರಟವಳು. ಅಕ್ಕನ ಮನೆ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ.

ಹದಿನಾರು ವರ್ಷಗಳಿಂದ ಅವನ ಹೊಟ್ಟೆ ಹೊರೆದದ್ದು ಇದೇ ಹೆಂಡತಿ. ಸಣ್ಣಪುಟ್ಟ ಸಭೆಗಳಲ್ಲಿ ಮೈಕು ಹಿಡಿದು ಅಲೆಯುತ್ತಿದ್ದವನನ್ನು ಟೀವಿಗೆ ಏರಿಸಿದ್ದು ಅವಳ ಮೇಲಿನ ಒಂದು ಮಾತು: "ನನ್ನವಳನ್ನ ಹತ್ತು ಸಲ ಕರೀರಿ, ತಿರುಗಿ ನೋಡಲ್ಲ. ಮೂರು ಬೀದಿ ಆಚೆ ಅಂಗಡಿಯವನು 'ರಿಯಾಯಿತಿ' ಅಂತ ಪಿಸುಗುಟ್ಟಲಿ, ಓಡ್ತಾಳೆ." ಜನ ಬಿದ್ದು ಬಿದ್ದು ನಗುತ್ತಿದ್ದರು. ಮೊದಲ ಸಾಲಿನಲ್ಲಿ ಕೂತ ಅವಳೂ.

ಈಚೆಗೆ ಆ ನಗು ಹಳಿ ತಪ್ಪಿತ್ತು. ಮೊದಲು ಕಂಡುಹಿಡಿದವನು ಕಾರ್ಯಕ್ರಮದ ಸಂಕಲನಕಾರ. ಪರದೆಯ ಮೇಲೆ ಅವಳ ಮುಖ ನಿಲ್ಲಿಸಿ, "ಅತ್ತಿಗೆ ಯಾಕೋ ಎಲ್ರೂ ನಕ್ಕ ಮೇಲೆ ನಗ್ತಾರಣ್ಣ. ಮನಸ್ಸು ಎಲ್ಲೋ ಇದ್ದ ಹಾಗಿದೆ," ಎಂದ. ಮಾತು ಮುಳ್ಳಿನಂತೆ ನಾಟಿತು. ಕ್ಷಣದ ಲೆಕ್ಕದಲ್ಲೇ ಬದುಕುವ ಕಸುಬು ಅವನದು. ಬಲವಂತದ ನಗು ಯಾವುದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಅವಳು ಫೋನ್ ಎತ್ತುವುದನ್ನು ಬಿಟ್ಟಿದ್ದಳು. ಎಲ್ಲ ಬರೀ ಸಂದೇಶದಲ್ಲೇ. ಅವನು ಕೋಣೆಯೊಳಗೆ ಬಂದರೆ ಕಳ್ಳಿಯಂತೆ ಬೆಚ್ಚುತ್ತಿದ್ದಳು. "ಎಲ್ಲಿಗೆ ಹೋಗಿದ್ದೆ?" ಎಂದರೆ ಕಣ್ಣು ತಪ್ಪಿಸುವ ಬದಲು ಅವನ ಮುಖವನ್ನೇ ದಿಟ್ಟಿಸಿ, "ಅಕ್ಕನ ಮನೆಗೆ ಕಣ್ರೀ," ಎನ್ನುತ್ತಿದ್ದಳು. ಇಷ್ಟು ಎದೆಗಾರಿಕೆಯಿಂದ ಸುಳ್ಳು ಹೇಳುವುದನ್ನು ಯಾವಾಗ ಕಲಿತಳು? ರಾತ್ರಿಯೆಲ್ಲ ಅವನಿಗೆ ಅದೇ ಕೊರೆತ. ಬೆಳಗಾದರೆ ಮುಖಕ್ಕೆ ಬಣ್ಣ ಹಚ್ಚಿಕೊಂಡು ನಗಿಸಲು ಹೊರಡಬೇಕು.

ಕಾಲು ಗಂಟೆ ಕಾದು ಅವನೂ ಮೆಟ್ಟಿಲು ಹತ್ತಿದ. ಒಂದು ಬಾಗಿಲು ಅರೆ ತೆರೆದಿತ್ತು. ಒಳಗೆ ಎರಡೇ ಕುರ್ಚಿ, ಮೊಣಕಾಲಿಗೆ ಮೊಣಕಾಲು ತಗಲುವಷ್ಟು ಹತ್ತಿರ. ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ ಅವಳ ಬೆರಳುಗಳು ಎದುರಿನ ಗಂಡಸಿನ ಗಂಟಲ ಮೇಲಿದ್ದವು. ಆತ ಮೆಲ್ಲನೆ ಏನೋ ಹೇಳಿದ. ಅವಳು ನಕ್ಕಳು. ಒಂದಿಷ್ಟೂ ತಡವಿಲ್ಲದೆ, ಮನಸಾರೆ. ಎಷ್ಟೋ ತಿಂಗಳಿಂದ ಗಂಡನಿಗೆ ಸಿಗದಿದ್ದ ನಗು.

ಹಾಸ್ಯಗಾರ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಇದಕ್ಕೇನಾ ಬರ್ತಿದ್ದದ್ದು ನೀನು?"

ಅವಳು ತಿರುಗಲಿಲ್ಲ.

"ನಿನ್ನನ್ನೇ ಕಣೇ ಕೇಳ್ತಿರೋದು." ಅವನು ದನಿಯೇರಿಸಿ ಕೂಗಿದ. ಅವಳ ಬೆರಳುಗಳು ಅಲುಗಲೂ ಇಲ್ಲ.

ತಲೆಯೆತ್ತಿದ್ದು ಆ ಗಂಡಸು. ಬಂದವನ ಗುರುತು ಹಿಡಿದು ನಿಟ್ಟುಸಿರು ಬಿಟ್ಟ.

"ಅಲ್ಲಿಂದ ಕೂಗಿ ಪ್ರಯೋಜನ ಇಲ್ಲ ಸಾರ್, ಎದುರಿಗೆ ಬಂದು ಕೂತ್ಕೊಳ್ಳಿ. ಈ ಬೇಸಿಗೇಲಿ ಅವರಿಗೆ ಎರಡೂ ಕಿವಿ ಪೂರ್ತಿ ಹೋದ್ವು. ಬೇರೆ ಯಾರ ಮಾತು ತಿಳೀದಿದ್ರೂ ಪರವಾಗಿಲ್ಲ, ನಿಮ್ಮ ತುಟಿ ಓದೋದು ಕಲಿಸಿಕೊಡಿ ಅಂತ ಬರ್ತಿದಾರೆ."