ಕುಳಿತ ಜಾಗ

ಒದ್ದೆ ಲಾವಂಚದ ವಾಸನೆ ಬಂದರೆ ನಾನು ಇವತ್ತಿಗೂ ಕುಳಿತಲ್ಲಿಂದ ಎದ್ದು ನಿಲ್ಲುತ್ತೇನೆ.

ತೆಲುಗು ಸೀಮೆಯ ಉಪ್ಪಲ್‌ನಲ್ಲಿದ್ದ ನಮ್ಮ ಮನೆಯಲ್ಲಿ ಅದೊಂದು ಬೇಸಿಗೆಯ ಮಧ್ಯಾಹ್ನ. ಕಾಕಾ ತನ್ನ ಹೊಸ ಸಾಫ್ಟ್‌ವೇರ್ ಕೆಲಸದ ಮೊದಲ ಸಂಬಳದಲ್ಲಿ ತಂದಿದ್ದ ಟಿವಿಯಲ್ಲಿ ಕ್ರಿಕೆಟ್ ಫೈನಲ್ ನಡೆದಿತ್ತು. ನಮ್ಮವರ ಜೋಡಿ ಚೆನ್ನಾಗಿ ಆಡುತ್ತಿರುವಾಗ ಯಾರೂ ಕುಳಿತ ಜಾಗ ಬಿಟ್ಟು ಏಳಬಾರದು, ಎದ್ದರೆ ವಿಕೆಟ್ ಬೀಳುತ್ತದೆ ಎಂಬುದು ಮನೆಯ ಕಟ್ಟಳೆ. ಅದನ್ನು ಕಾಯುವ ಕೆಲಸ ಎಂಟು ವರ್ಷದ ನನ್ನದು.

ಬೆತ್ತದ ಕುರ್ಚಿಯಲ್ಲಿದ್ದ ಅಜ್ಜ ಏಳಲು ಹೋದರು. "ಸ್ವಲ್ಪ ಅಡ್ಡಾಗತೀನಿ."

"ಈಗ ಏಳಬ್ಯಾಡ್ರಿ ಅಜ್ಜಾ," ಎಂದೆ. ಅಜ್ಜ ನಕ್ಕು ಮತ್ತೆ ಕುಳಿತರು.

ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಟಿವಿ ಕಪ್ಪಾಯಿತು. ದಿನವಿಡೀ ಗರಗರ ಎನ್ನುತ್ತಿದ್ದ ಕೂಲರ್ ನಿಂತು, ಅದರ ಲಾವಂಚದ ತಡಿಕೆಯಿಂದ ನೀರು ತೊಟ್ಟಿಕ್ಕತೊಡಗಿತು. ಕಾಕಾ ತೆಲುಗಿನಲ್ಲಿ ಏನೋ ಬೈದ. ಅವನು ಸುಮ್ಮನಾದ ಮೇಲೆ ಅಜ್ಜನ ಉಸಿರು ಕೇಳಿಸಿತು, ಗರಗಸ ಎಳೆದಂತೆ.

ಅವ್ವ ಎದ್ದು ಓಡಿ ಅಜ್ಜನನ್ನು ಮುಟ್ಟಿದಳು. ಅವರ ಅಂಗಿ ಪೂರ್ತಿ ಬೆವರಿನಿಂದ ತೊಯ್ದಿತ್ತು. "ಮಾವಾರ, ಒಂದ ಮಾತ ಹೇಳಬಾರದಾಗಿತ್ತೇನ್ರಿ?"

ಅಜ್ಜ ನನ್ನತ್ತ ನೋಡಿದರು. "ಭಾಳ ಚಲೋ ಆಡಾಕತ್ತಿದ್ರವ್ವಾ," ಎಂದರು. "ನಾನಽ ಏಳಲಿಲ್ಲ."

ಕಾಕಾ ಮತ್ತು ಅವ್ವ ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಅಜ್ಜ ಮತ್ತೆ ಆ ಮನೆಗೆ ಬರಲಿಲ್ಲ.

ನಾನು ಕುಳಿತಲ್ಲೇ ಇದ್ದೆ. ಅರ್ಧ ಗಂಟೆಯ ಮೇಲೆ ಕರೆಂಟ್ ಬಂದಾಗ ಬೆತ್ತದ ಕುರ್ಚಿ ಖಾಲಿಯಿತ್ತು. ಟಿವಿಯಲ್ಲಿ ಅದೇ ಜೋಡಿ ಇನ್ನೂ ಆಡುತ್ತಿತ್ತು.