ಒಂದು ಸ್ವರ ಕೆಳಗೆ

"ಈಕೆಯ ದನಿ ಒಡೆಯದೆ ಬಂದರೆ ಸ್ಪೀಕರ್ ಸರಿಯಾದ ಹಾಗೆ," ಎನ್ನುತ್ತಾ ರಿಪೇರಿಯವನು ಮೆಚ್ಚಿನ ಗಾಯಕಿಯ ಹಾಡು ಹಚ್ಚಿ ಮೇಜಿನಡಿ ನುಸುಳಿದ. ತಗ್ಗು ದನಿಯ ಗಾಯಕಿಯರೆಂದರೆ ಅವನಿಗೆ ಪ್ರಾಣ. ಹೆಂಡತಿಯ ದನಿಯೂ ತಗ್ಗೇ. ಅದನ್ನು ಮಾತ್ರ "ಗಂಡುಗೊರಳು" ಎಂದು ನಗುತ್ತಿದ್ದ.

ಆಲಾಪನೆಯ ನಡುವೆ ಸ್ಪೀಕರ್ ಸತ್ತಿತು. ಸ್ಕ್ರೂ ಆರಿಸುತ್ತಿದ್ದ ಹೆಂಡತಿಗೆ ಆ ಹಾಡು ದಿನಾ ಕೇಳಿ ಬಾಯಿಪಾಠ. ಹೊಟ್ಟೆಯುರಿಯಲ್ಲೇ ಅದು ನಿಂತಲ್ಲಿಂದ ಎತ್ತಿಕೊಂಡು, ಗಾಯಕಿಗಿಂತ ಒಂದು ಸ್ವರ ಕೆಳಗಿಳಿದು ಹಾಡಿದಳು.

"ಹಾಂ, ಬಂತು! ಎಷ್ಟು ಕೆಳಗಿಳಿದಳು ನೋಡೇ, ಮಹಾತಾಯಿ!" ಮೇಜಿನಡಿಯಿಂದ ಅವನು ಕೂಗಿದ.

ಇಷ್ಟು ವರ್ಷ ಕಾದ ಹೊಗಳಿಕೆ. ಅದೂ ಆ ಗಾಯಕಿಯ ಪಾಲಾಯಿತು. ಹೆಂಡತಿ ಹಾಡು ನಿಲ್ಲಿಸಿದಳು.

"ಅಯ್ಯೋ, ಮತ್ತೆ ಹೋದಳಲ್ಲೇ! ತಡಿ, ಇನ್ನೊಂದು ವೈರ್ ಇದೆ."

ಅವನು ಅದನ್ನು ಸೇರಿಸುವ ಮೊದಲೇ ಅವಳು ಮೆಲ್ಲಗೆ ಸ್ಪೀಕರಿನ ಪ್ಲಗ್ ಕಿತ್ತಳು.