ಮೂವತ್ತೊಂದನೇ ಸಂಖ್ಯೆ

"ಮೂವತ್ತೊಂದು ಮತ್ತೆ ಏರಿದೆ," ಎಂದರು ಡಾಕ್ಟರು.

ಅವಳು ಕುರ್ಚಿಯ ಅಂಚಿಗೆ ಸರಿದಳು. ಮೂವತ್ತೊಂದು ಎಂದರೆ ಗಂಡ. ಅನ್ನನಾಳದ ಕ್ಯಾನ್ಸರಿಗೆ ಕೊಡುವ ವಿಕಿರಣ ಫಲಿಸುತ್ತದೋ ಇಲ್ಲವೋ ಎಂದು ರಕ್ತದಿಂದಲೇ ಮುಂಚಿತವಾಗಿ ತಿಳಿಯುವ ಅಧ್ಯಯನ ಅದು. ರಕ್ತದಲ್ಲಿ ಕ್ಯಾನ್ಸರನ್ನು ಸೂಚಿಸುವ ಅಂಶ ಇಳಿದರೆ ಒಳ್ಳೆಯದು, ಏರಿದರೆ ಕೆಟ್ಟದ್ದು. ಹೋಲಿಸಿ ನೋಡಲು ಮನೆಯ ಆರೋಗ್ಯವಂತರೊಬ್ಬರ ರಕ್ತವೂ ಬೇಕು, ಅವಳದು ಮೂವತ್ತೆರಡು. ಟ್ಯೂಬುಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ.

"ಆದ್ರೆ ಡಾಕ್ಟ್ರೇ, ಈಗ ಚೆನ್ನಾಗಿ ನುಂಗ್ತಾರೆ. ನಿನ್ನೆ ಬ್ರೆಡ್ಡಿನ ಅಂಚೂ ಬಿಡ್ಲಿಲ್ಲ."

"ಅದೇ ನನಗೂ ಅರ್ಥ ಆಗ್ತಿಲ್ಲಮ್ಮ. ಇವತ್ತು ಇನ್ನೊಂದ್ಸಲ ನೋಡೋಣ. ಹೀಗೇ ಇದ್ರೆ ಅನ್ನನಾಳಾನೇ ತೆಗೀಬೇಕಾಗುತ್ತೆ."

ಗಂಡ ಹೊರಗೆ ಬೆಂಚಿನ ಮೇಲೆ ಬಿಸ್ಕತ್ತು ತಿನ್ನುತ್ತಿದ್ದ. ಕೆನ್ನೆ ತುಂಬಿಕೊಂಡಿತ್ತು. ಅವಳಿಗೂ ಒಂದು ಚಾಚಿದ. ಅವಳು ಚೂರು ಮುರಿದು ಬಾಯಿಗಿಟ್ಟು, ಎರಡು ಗುಟುಕು ನೀರಿನಿಂದ ಇಳಿಸಿದಳು. ಆರು ವಾರದಿಂದ ಅವನ ಜೊತೆಗೆಂದು ಅವಳದೂ ರುಬ್ಬಿದ ಊಟವೇ. ಅವನು ಬಿಟ್ಟ ಮೇಲೂ ಅವಳು ಬಿಟ್ಟಿರಲಿಲ್ಲ. ಕೈಗಡಿಯಾರ ಮೊಣಕೈಯವರೆಗೆ ಜಾರುತ್ತಿತ್ತು.

"ಕಾಯಿಲೆ ನಂದು, ಕರಗಿದ್ದು ನೀನು," ಎಂದು ನಕ್ಕ. "ಏನಂದ್ರು?"

"ಎಲ್ಲಾ ಸರಿಯಾಗಿದೆಯಂತೆ ಕಣ್ರೀ. ಇನ್ನೊಂದ್ಸಲ ರಕ್ತ ಕೊಡ್ಬೇಕಷ್ಟೆ."

"ಮತ್ತೆ ಸೂಜಿನಾ? ಹಾಗಾದ್ರೆ ನೀನೇ ಮೊದ್ಲು."

ಹುಲಿಯಂಥ ಗಂಡಸು, ಸೂಜಿ ಕಂಡರೆ ಬೆಕ್ಕಿನ ಮರಿ. ಅವನಿಗೆ ಧೈರ್ಯ ಬರಲೆಂದು ಹಿಂದಿನ ಮೂರು ಸಲವೂ ಅವಳೇ ಮೊದಲು ಕೂತಿದ್ದಳು.

ರಕ್ತ ತೆಗೆಯುವವನು ರಜೆಯಲ್ಲಿದ್ದ. ಒಳಗೆ ಟ್ಯೂಬುಗಳಿಗೆ ಸಂಖ್ಯೆಯ ಸ್ಟಿಕರ್ ಅಂಟಿಸುವ ಹುಡುಗಿಯೇ ಇಂದು ಸೂಜಿ ಹಿಡಿದಿದ್ದಳು. ಹೆಂಡತಿ ಎಂದಿನಂತೆ ತಾನೇ ಮೊದಲು ಕೂತು ಕೈಯನ್ನು ಮೇಜಿನ ಮೇಲೆ ಚಾಚಿದಳು.

"ಅಯ್ಯೋ, ಏಳಿ ಅಕ್ಕಾ. ಮೊದ್ಲು ಯಜಮಾನ್ರು."

"ಯಾರು ಮೊದ್ಲಾದ್ರೇನಮ್ಮಾ?"

"ಹಾಗಂದ್ರೆ ಹೇಗಕ್ಕಾ? ಸ್ಟಿಕರ್ ಅಂಟಿಸಿ ಸಾಲಾಗಿ ಇಟ್ಟಿರ್ತೀನಿ. ರಕ್ತ ತೆಗೆಯೋ ನಮ್ಮ ಪುಣ್ಯಾತ್ಮ ತಲೆ ಎತ್ತಿ ಮುಖಾನೂ ನೋಡಲ್ಲ, ಕೈಗೆ ಸಿಕ್ಕಿದ್ದನ್ನ ಸಾಲಲ್ಲೇ ತಗೋತಾನೆ. ಮೊದಲ್ನೇ ಟ್ಯೂಬು ಯಾವಾಗ್ಲೂ ರೋಗೀದು."

ಬಾಗಿಲಲ್ಲಿ ಗಂಡ ಕೊನೆಯ ಬಿಸ್ಕತ್ತನ್ನು ಸಲೀಸಾಗಿ ನುಂಗಿದ. ಅವಳು ಉಗುಳು ನುಂಗಲು ನೋಡಿದಳು. ಅದು ನಡುವೆಯೇ ನಿಂತಿತು.

ಮೂರು ಸಲವೂ ಮೂವತ್ತೊಂದರಲ್ಲಿ ತುಂಬಿದ್ದು ಅವಳ ರಕ್ತ.